ಪಾಸ್‌ವರ್ಡ್ ಕೇಳುವ ಮೊದಲೇ ಮಲಗುವ ಸರ್ವರ್: ಉತ್ತರ ಕನ್ನಡ ಜಿಲ್ಲಾಡಳಿತಕ್ಕೆ ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಉತ್ತರ ಕನ್ನಡ, ಕಾರವಾರ
ಮಾನ್ಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು, ಜಿಲ್ಲಾ ಪಂಚಾಯತ್, ಕಾರವಾರ
ಹಾಗೂ ಸ್ವಂತ ಮೀಟಿಂಗ್ ಸರ್ವರ್ ಇಟ್ಟುಕೊಂಡಿರುವ ಜಿಲ್ಲೆಯ ಕಾಲೇಜು, ಆಸ್ಪತ್ರೆ, ಸಹಕಾರಿ ಸಂಘಗಳ ಆಡಳಿತ ಮಂಡಳಿಗಳು

ವಿಷಯ: ವಿಡಿಯೋ ಕಾನ್ಫರೆನ್ಸ್ ಸರ್ವರ್‌ಗಳನ್ನು ಸ್ಥಗಿತಗೊಳಿಸಬಲ್ಲ ದೋಷಗಳನ್ನು ಮಳೆಗಾಲಕ್ಕೆ ಮುನ್ನ ಸರಿಪಡಿಸುವ ಬಗ್ಗೆ

ಮಾನ್ಯರೇ,

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದಾಯಿತು. ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಅಂಥ ದಿನಗಳಲ್ಲಿ ಕಾರವಾರದಲ್ಲಿ ಕೂತು ಭಟ್ಕಳ, ಜೋಯಿಡಾ, ಶಿರಸಿಯ ಅಧಿಕಾರಿಗಳ ಜೊತೆ ಮುಖ ನೋಡಿ ಮಾತಾಡಲು ಉಳಿಯುವ ದಾರಿ ವಿಡಿಯೋ ಕಾನ್ಫರೆನ್ಸ್ ಒಂದೇ. ಆ ದಾರಿಯನ್ನು ಮುಚ್ಚಲು ಗುಡ್ಡ ಕುಸಿಯಬೇಕಿಲ್ಲ. ಹಳೆಯ ಆವೃತ್ತಿಯ ಸರ್ವರ್ ಇದ್ದರೆ, ಎಲ್ಲೋ ಕೂತವನೊಬ್ಬ ಕಳಿಸುವ ಒಂದು ಕೆಟ್ಟ ಸಂದೇಶ ಸಾಕು. ಈ ಪತ್ರ ಅದರ ಬಗ್ಗೆ.

ಸ್ವಂತ ಸರ್ವರ್ ಬೇಡ ಎನ್ನುವ ಪತ್ರ ಇದಲ್ಲ. ಸ್ವಂತ ಯಂತ್ರದಲ್ಲಿ ವಿಡಿಯೋ ಸಭೆ ನಡೆಸಲು ಬಳಸುವ ಜಿಟ್ಸಿ ಮೀಟ್, ಬಿಗ್‌ಬ್ಲೂಬಟನ್ ಎರಡೂ ಮುಕ್ತ ತಂತ್ರಾಂಶಗಳು, ಪರವಾನಗಿ ಶುಲ್ಕವಿಲ್ಲ, ಮಾತುಕತೆ ನಮ್ಮ ಯಂತ್ರದಲ್ಲೇ ಉಳಿಯುತ್ತದೆ. ಇಡುವುದು ಒಳ್ಳೆಯದೇ. ತೊಂದರೆ ಇರುವುದು ಇಟ್ಟ ಮೇಲೆ. ‘ಸುರಕ್ಷಿತವಾಗಿದೆಯೇ’ ಎಂದು ಕೇಳಿದರೆ ‘ಪಾಸ್‌ವರ್ಡ್ ಹಾಕಿದ್ದೇವೆ’ ಎಂಬ ಉತ್ತರ ಬರುತ್ತದೆ, ಕಡತ ಅಲ್ಲಿಗೆ ಮುಗಿಯುತ್ತದೆ. ಪಾಸ್‌ವರ್ಡ್ ಒಳಗೆ ಬರುವವರನ್ನು ತಡೆಯುತ್ತದೆ. ಡಿನಯಲ್ ಆಫ್ ಸರ್ವಿಸ್, ಅಂದರೆ ಸೇವೆ ಯಾರಿಗೂ ಸಿಗದಂತೆ ನಿಲ್ಲಿಸುವ ದಾಳಿ ಮಾಡುವವನಿಗೆ ಒಳಗೆ ಬರುವ ಉದ್ದೇಶವೇ ಇರುವುದಿಲ್ಲ.

ಇದರಲ್ಲಿ ಎರಡು ಬಗೆ. ಒಂದು ಪ್ರವಾಹ: ಸಾವಿರಾರು ಯಂತ್ರಗಳಿಂದ ಏಕಕಾಲಕ್ಕೆ ಕಸದ ಪ್ಯಾಕೆಟ್ ಸುರಿದು ನಿಮ್ಮ 100 ಎಂಬಿಪಿಎಸ್ ಲೈನನ್ನು ತುಂಬಿಬಿಡುವುದು. ಲೈನ್ ತುಂಬಿದ ಮೇಲೆ ಸರ್ವರಿನಲ್ಲಿ ಎಂಥ ಫೈರ್‌ವಾಲ್ ಇದ್ದರೂ ಉಪಯೋಗವಿಲ್ಲ, ಏಕೆಂದರೆ ನೀರು ತುಂಬಿರುವುದು ಬಾಗಿಲಿನ ಆಚೆ. ಅದನ್ನು ಮೇಲಿನ ಇಂಟರ್ನೆಟ್ ಸೇವಾದಾರರೇ ತಡೆಯಬೇಕು, ಅದಕ್ಕೆ ಒಪ್ಪಂದದಲ್ಲಿ ಒಂದು ಸಾಲು ಬೇಕು. ಅಷ್ಟೇ ಹೇಳಿ ಮುಂದೆ ಹೋಗುತ್ತೇವೆ. ಇನ್ನೊಂದು ಬಗೆಯದು ತಂತ್ರಾಂಶದ ದೋಷ. ಅದಕ್ಕೆ ಸಾವಿರ ಯಂತ್ರ ಬೇಡ, ಒಂದು ಹಳೇ ಲ್ಯಾಪ್‌ಟಾಪ್ ಸಾಕು. ಸರಿಪಡಿಸುವುದೂ ಪೂರ್ತಿ ನಮ್ಮ ಕೈಯಲ್ಲೇ ಇದೆ.

ಒಬ್ಬರು ಮೀಟಿಂಗಿಗೆ ಸೇರುವಾಗ ಜಿಟ್ಸಿಯಲ್ಲಿ ನಡೆಯುವುದು ಇಷ್ಟು. ಬ್ರೌಸರ್ ಮೊದಲು 443ನೇ ಪೋರ್ಟಿನಲ್ಲಿ (ಪೋರ್ಟ್ ಎಂದರೆ ಸರ್ವರಿನ ನಂಬರು ಹಾಕಿದ ಬಾಗಿಲು) ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರಿನ ಬಾಗಿಲು ತಟ್ಟುತ್ತದೆ. ಅದು ವೆಬ್‌ಸಾಕೆಟ್ ಎಂಬ ಸದಾ ತೆರೆದಿರುವ ಸಂಪರ್ಕದ ಮೂಲಕ ಪ್ರಾಸಡಿ ಎಂಬ ಸಂದೇಶ ಸರ್ವರಿಗೆ ದಾಟಿಸುತ್ತದೆ. ಜಿಕೋಫೋ ಎಂಬ ಭಾಗ ಕೊಠಡಿ ತೆರೆದು ಯಾರು ಯಾವ ಬ್ರಿಜ್‌ಗೆ (ಚಿತ್ರ, ಧ್ವನಿ ಹಂಚುವ ಭಾಗ) ಹೋಗಬೇಕೆಂದು ಹೇಳುತ್ತದೆ. ಆಮೇಲೆ ಯುಡಿಪಿ (ತಲುಪಿತೇ ಎಂದು ಕಾಯದೆ ಪ್ಯಾಕೆಟ್ ಕಳಿಸುವ ಕ್ರಮ) 10000ನೇ ಪೋರ್ಟಿನಲ್ಲಿ ವಿಡಿಯೋಬ್ರಿಜ್ ಜೊತೆ ಮೊದಲು ವಿಳಾಸದ ತಪಾಸಣೆ, ನಂತರ ಗೂಢಲಿಪಿಯ ಕೀಲಿ ಒಪ್ಪಿಕೊಳ್ಳುವ ಡಿಟಿಎಲ್‌ಎಸ್ ಕೈಕುಲುಕುವಿಕೆ, ಕೊನೆಗೆ ಗೂಢಲಿಪಿಯಲ್ಲಿ ಚಿತ್ರ ಮತ್ತು ಧ್ವನಿ. ಬಿಗ್‌ಬ್ಲೂಬಟನ್‌ನಲ್ಲಿ ಭಾಗಗಳ ಹೆಸರು ಬೇರೆ: ಧ್ವನಿಗೆ ಫ್ರೀಸ್ವಿಚ್, ವಿಡಿಯೋಗೆ ಮೀಡಿಯಾಸೂಪ್, ಯುಡಿಪಿ 16384ರಿಂದ 32768ರವರೆಗಿನ ಪೋರ್ಟುಗಳು. ಕ್ರಮ ಹೆಚ್ಚುಕಡಿಮೆ ಅದೇ.

ಪ್ರತಿ ಮೆಟ್ಟಿಲಲ್ಲೂ ಸರ್ವರ್ ಏನಾದರೊಂದು ಕೆಲಸ ಮಾಡುತ್ತದೆ: ಓದುತ್ತದೆ, ಬಿಡಿಸುತ್ತದೆ, ಮೆಮೊರಿ ತೆಗೆದಿಡುತ್ತದೆ. ಅದರಲ್ಲಿ ಎಷ್ಟು ಕೆಲಸ ‘ನೀನು ಯಾರು’ ಎಂದು ಕೇಳುವುದಕ್ಕೆ ಮುಂಚೆಯೇ ಆಗಿಬಿಡುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಶಿರಸಿಯ ಯಾವುದೇ ಅಡಿಕೆ ವ್ಯಾಪಾರಿ ಅಂಗಳದಲ್ಲಿ ಸದಸ್ಯತ್ವದ ನಂಬರು ಕೇಳದೆ ಮೂಟೆ ಇಳಿಸಿ, ಬಿಚ್ಚಿ, ಹರವಿ, ತೂಗಿ, ಆಮೇಲೆ ‘ಯಾರದಪ್ಪ ಇದು’ ಎಂದು ಕೇಳುವ ಪದ್ಧತಿ ಇದ್ದರೆ, ಮಣ್ಣು ತುಂಬಿದ ಹತ್ತು ಲಾರಿ ಕಳಿಸಿದವನು ಇಡೀ ದಿನದ ಟೆಂಡರ್ ನಿಲ್ಲಿಸಬಹುದು. ಕೆಳಗೆ ಹೇಳುವ ದೋಷಗಳಲ್ಲಿ ಹೆಚ್ಚಿನವು ಇದೇ ಜಾತಿಯವು.

2022ರಲ್ಲಿ ಬಯಲಾದ ಬಿಗ್‌ಬ್ಲೂಬಟನ್‌ನ ದೋಷವನ್ನೇ ಮೊದಲು ನೋಡಿ, ಸಿವಿಇ-2022-29169 (ಸಿವಿಇ ಎಂದರೆ ಪ್ರಕಟವಾದ ದೋಷಗಳಿಗೆ ಕೊಡುವ ನಂಬರು). ಬ್ರೌಸರ್ ಪ್ರತಿ ಕೋರಿಕೆಯ ಜೊತೆ ‘ಯೂಸರ್-ಏಜೆಂಟ್’ ಎಂಬ ಒಂದು ಸಾಲು ಕಳಿಸುತ್ತದೆ, ನಾನು ಕ್ರೋಮ್, ನಾನು ಫೈರ್‌ಫಾಕ್ಸ್, ನಾನು ಇಂಥ ಫೋನು ಎಂದು. ಅದನ್ನು ಓದಿ ಸಾಧನ ಯಾವುದೆಂದು ಗುರುತಿಸುವ ಸಣ್ಣ ಲೈಬ್ರರಿಯೊಂದು ಒಳಗಿತ್ತು. ಅದು ಅಕ್ಷರಗಳ ನಮೂನೆ ಹೊಂದಿಸಿ ನೋಡುತ್ತದೆ, ಅಂದರೆ ರೆಗ್ಯುಲರ್ ಎಕ್ಸ್‌ಪ್ರೆಷನ್. ನಮೂನೆಯನ್ನು ಬೇಕಾಬಿಟ್ಟಿ ಬರೆದಿದ್ದರೆ, ಹೊಂದದ ಸಾಲು ಬಂದಾಗ ಯಂತ್ರ ಒಂದೇ ಸಲ ‘ಇಲ್ಲ’ ಎನ್ನುವುದಿಲ್ಲ. ಹಿಂದಕ್ಕೆ ಹೋಗಿ ಬೇರೆ ರೀತಿ ತುಂಡರಿಸಿ ನೋಡುತ್ತದೆ, ಮತ್ತೆ ಹಿಂದಕ್ಕೆ, ಮತ್ತೆ ಬೇರೆ ರೀತಿ. ಇಂಥ ನಮೂನೆಗಳಲ್ಲಿ ಅತಿ ಕೆಟ್ಟವುಗಳಲ್ಲಿ ಒಂದೊಂದು ಅಕ್ಷರ ಸೇರಿದಂತೆ ಕೆಲಸ ದುಪ್ಪಟ್ಟಾಗುತ್ತದೆ. 30 ಅಕ್ಷರಕ್ಕೆ 107 ಕೋಟಿ ಪ್ರಯತ್ನ ದಾಟುತ್ತದೆ. ನೋಡ್ ಜೆಎಸ್‌ನಂತೆ ಒಂದೇ ಎಳೆಯಲ್ಲಿ ಓಡುವ ತಂತ್ರಾಂಶದಲ್ಲಿ ಆ ಎಳೆ ಸಿಕ್ಕಿಕೊಂಡರೆ ಮಿಕ್ಕವರೆಲ್ಲ ಸಾಲಿನಲ್ಲಿ ಕಾಯಬೇಕು. ಸ್ಮಾರ್ಟ್‌ವಾಚ್ ಗುರುತಿಸಲು ಇಟ್ಟಿದ್ದ ತುಂಡಿನಲ್ಲಿ ಈ ದೋಷ ಇತ್ತು. ಕೈಗಡಿಯಾರದಿಂದ ತಾಲ್ಲೂಕು ಸಭೆಗೆ ಸೇರಿದವರು ಯಾರಿದ್ದಾರೋ ತಿಳಿಯದು, ಆದರೆ ಆ ಅನುಕೂಲಕ್ಕಾಗಿ ಬಾಗಿಲು ತೆರೆದೇ ಇತ್ತು. 2.3.19 ಮತ್ತು 2.4.7ರಲ್ಲಿ ಸರಿಯಾಯಿತು. ಅದಕ್ಕಿಂತ ಹಳೆಯದು ನಿಮ್ಮಲ್ಲಿ ಓಡುತ್ತಿದ್ದರೆ ಇಂದೇ ನಿಲ್ಲಿಸಿ.

ಪ್ರಾಸಡಿಯದು ಇನ್ನೊಂದು ಪಾಠ. 2021ರ ಮೇ ತಿಂಗಳಲ್ಲಿ ಬಂದ 0.11.9 ಆವೃತ್ತಿ ಒಂದೇ ಸಲ ಹಲವು ತೂತು ಮುಚ್ಚಿತು. ಅವುಗಳಲ್ಲಿ ಒಂದು ಮೆಮೊರಿ ಬರಿದು ಮಾಡುವಂಥದ್ದು, ಅದೂ ಮೂಲ ಸಂರಚನೆಯಲ್ಲೇ. ಇನ್ನೊಂದು ಟಿಎಲ್‌ಎಸ್ (ಗೂಢಲಿಪಿ ಸಂಪರ್ಕ) ಮಾತುಕತೆಯನ್ನು ಪದೇ ಪದೇ ಹೊಸದಾಗಿ ಶುರು ಮಾಡಿಸಿ ಸಿಪಿಯು ತಿನ್ನುವಂಥದ್ದು. ಎಂಟು ತಿಂಗಳಾಗುವಷ್ಟರಲ್ಲಿ, 2022ರ ಜನವರಿಯಲ್ಲಿ, 0.11.12 ಬಂತು. ಈ ಸಲ ತೂತು ಇದ್ದದ್ದು ವೆಬ್‌ಸಾಕೆಟ್ ಭಾಗದಲ್ಲಿ. ಪ್ರಾಸಡಿಯ ಸಂದೇಶಗಳು ಎಕ್ಸ್‌ಎಂಎಲ್ ಭಾಷೆಯಲ್ಲಿರುತ್ತವೆ. ಅದರಲ್ಲಿ ಒಂದು ಪದಕ್ಕೆ ಅಡ್ಡಹೆಸರು ಕೊಡಬಹುದು, ಆ ಅಡ್ಡಹೆಸರನ್ನು ಹತ್ತು ಸಲ ಬಳಸಿ ಇನ್ನೊಂದು ಅಡ್ಡಹೆಸರು ಮಾಡಬಹುದು. ಹೀಗೆ ಒಂಬತ್ತು ಸುತ್ತು ಮಾಡಿದರೆ ಒಂದು ಕಿಲೋಬೈಟ್ ಕೂಡ ಇಲ್ಲದ ಸಂದೇಶ, ಬಿಡಿಸಿದಾಗ ನೂರು ಕೋಟಿ ಪದಗಳಾಗುತ್ತದೆ. ಮೂರಕ್ಷರದ ಪದವಾದರೆ ಸುಮಾರು 3 ಜಿಬಿ. ಪ್ರಾಸಡಿ ಪಾಲಿಸುವ ಎಕ್ಸ್‌ಎಂಪಿಪಿ ಎಂಬ ಸಂದೇಶ ನಿಯಮದಲ್ಲಿ ಇಂಥ ಅಡ್ಡಹೆಸರುಗಳಿಗೆ ಮೊದಲಿಂದಲೂ ನಿಷೇಧವಿದೆ, ಪ್ರಾಸಡಿಯ ಮುಖ್ಯ ಬಾಗಿಲಲ್ಲಿ ಅದರ ತಪಾಸಣೆಯೂ ಇತ್ತು. ವೆಬ್‌ಸಾಕೆಟ್ ಬಾಗಿಲಿಗೆ ಬಳಸಿದ ಒಳ ಲೈಬ್ರರಿಯಲ್ಲಿ ಮಾತ್ರ ಇರಲಿಲ್ಲ. ಲಾಗಿನ್ ಬೇಕಿರಲಿಲ್ಲ. ಜಿಟ್ಸಿಯವರು ವೇಗಕ್ಕಾಗಿ ವೆಬ್‌ಸಾಕೆಟ್ ಬಳಸುವುದರಿಂದ ಈ ತೂತು ನಮಗೆಲ್ಲ ಸಂಬಂಧಪಟ್ಟದ್ದೇ.

ಇಲ್ಲೊಂದು ಸೂಕ್ಷ್ಮವಿದೆ, ಇದನ್ನು ಗುತ್ತಿಗೆದಾರರು ಅನೇಕ ಸಲ ತಪ್ಪಾಗಿ ಓದುತ್ತಾರೆ. ಪ್ರಾಸಡಿ ಮೆಮೊರಿ ನುಂಗುತ್ತಾ ಹೋದಾಗ ಲಿನಕ್ಸ್ ಕೊನೆಗೆ ಯಾರನ್ನಾದರೂ ಕೊಲ್ಲಬೇಕು. ಅದು ತಪ್ಪಿತಸ್ಥನನ್ನು ಹುಡುಕುವುದಿಲ್ಲ. ಹೆಚ್ಚು ಮೆಮೊರಿ ಹಿಡಿದವನನ್ನು ಹುಡುಕುತ್ತದೆ. ಜಾವಾದಲ್ಲಿ ಓಡುವ ವಿಡಿಯೋಬ್ರಿಜ್ ಮಾಮೂಲಿಯಾಗಿಯೇ ದೊಡ್ಡ ಪ್ರಮಾಣದಲ್ಲಿ ಮೆಮೊರಿ ಹಿಡಿದಿರುವುದರಿಂದ ಕೆಲವೊಮ್ಮೆ ಅದೇ ಮೊದಲು ಸಾಯುತ್ತದೆ. ಲಾಗಿನಲ್ಲಿ ‘ವಿಡಿಯೋಬ್ರಿಜ್ ಸತ್ತಿದೆ’ ಎಂದು ಕಂಡು ಅದಕ್ಕೇ ಇನ್ನಷ್ಟು ಮೆಮೊರಿ ಕೊಟ್ಟರೆ ಕಾಯಿಲೆ ಇನ್ನೂ ಜೋರಾಗುತ್ತದೆ. ಪ್ರತಿ ಸೇವೆಗೂ, ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯಲ್ಲಿ ‘ಮೆಮೊರಿಮ್ಯಾಕ್ಸ್’ ಮಿತಿ ಹಾಕಿ. ಆಗ ತಪ್ಪು ಮಾಡಿದ ಸೇವೆ ಮಾತ್ರ ಬಿದ್ದು ಮತ್ತೆ ಏಳುತ್ತದೆ.

ದುಡ್ಡು ಕೊಟ್ಟು ಕೊಂಡರೆ ಈ ರಗಳೆ ಇಲ್ಲ ಎಂಬ ಸಲಹೆಯೂ ಕೇಳಿಬರುತ್ತದೆ. ಜೂಮ್ ಕಂಪನಿ ಸಂಸ್ಥೆಗಳ ಒಳಗೇ ಇಟ್ಟುಕೊಳ್ಳಲು ಮಾರುವ ಮೀಟಿಂಗ್ ಕನೆಕ್ಟರ್ ಕಂಟ್ರೋಲರ್‌ನಲ್ಲಿ 2021ರಲ್ಲಿ ಪ್ರಕಟವಾದ ದೋಷ, ಸಿವಿಇ-2021-34415, ಏನೆಂದರೆ: ಬಂದ ಪ್ಯಾಕೆಟ್‌ನಲ್ಲಿ ‘ಎಷ್ಟು’ ಎಂದು ಹೇಳುವ ಒಂದು ಅಂಕಿ ಇರುತ್ತದೆ, ಆ ಅಂಕಿಯನ್ನು ಪರೀಕ್ಷಿಸದೆ ನಂಬುತ್ತಿತ್ತು. ದೊಡ್ಡ ಅಂಕಿ ಕೊಟ್ಟರೆ ಸಂಪನ್ಮೂಲ ಮುಗಿದು ವ್ಯವಸ್ಥೆ ಬೀಳುತ್ತಿತ್ತು. ಅದೇ ವರ್ಷ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡದ ನತಾಲಿ ಸಿಲ್ವನೋವಿಚ್ ಅವರು ಜೂಮ್‌ನ ಗ್ರಾಹಕ ತಂತ್ರಾಂಶ ಮತ್ತು ಚಿತ್ರ-ಧ್ವನಿ ಹಂಚುವ ಸರ್ವರ್ ಎರಡನ್ನೂ ತಟ್ಟುವ ಇನ್ನೆರಡು ದೋಷಗಳನ್ನು ತೋರಿಸಿದರು. ಕೊಂಡದ್ದೋ ಉಚಿತದ್ದೋ ಎನ್ನುವುದಕ್ಕಿಂತ, ದೋಷ ಪ್ರಕಟವಾದ ಎಷ್ಟು ದಿನಕ್ಕೆ ನಮ್ಮ ಯಂತ್ರದಲ್ಲಿ ಹೊಸ ಆವೃತ್ತಿ ಕೂರುತ್ತದೆ ಎಂಬುದೇ ಮುಖ್ಯ.

ಧ್ವನಿಯ ಪೋರ್ಟುಗಳಲ್ಲಿ ಇನ್ನೂ ಜಾಣತನದ ದೋಷವೊಂದು ಸಿಕ್ಕಿತು. 2023ರ ಡಿಸೆಂಬರ್‌ನಲ್ಲಿ ಧ್ವನಿ ಕರೆಯ ತಂತ್ರಾಂಶಗಳಾದ ಆಸ್ಟರಿಸ್ಕ್ ಮತ್ತು ಫ್ರೀಸ್ವಿಚ್ ಎರಡೂ ಇದಕ್ಕೆ ಪರಿಹಾರ ಬಿಡುಗಡೆ ಮಾಡಿದವು, ಫ್ರೀಸ್ವಿಚ್‌ನಲ್ಲಿ 1.10.11. ಕರೆ ಶುರುವಾಗುವಾಗ ಸರ್ವರ್ ಒಂದು ಯುಡಿಪಿ ಪೋರ್ಟ್ ತೆರೆದು ಡಿಟಿಎಲ್‌ಎಸ್‌ನ ಮೊದಲ ‘ಹಲೋ’ಗೆ ಕಾಯುತ್ತದೆ. ಆ ಹಲೋ ಯಾವ ವಿಳಾಸದಿಂದ ಬಂದರೂ ಸ್ವೀಕರಿಸುತ್ತಿತ್ತು. ಹೊರಗಿನವನು ಪೋರ್ಟುಗಳ ಸಾಲಿನುದ್ದಕ್ಕೂ ಒಪ್ಪಲಾಗದ ಗೂಢಲಿಪಿ ಕೇಳುವ ಸುಳ್ಳು ಹಲೋ ಎರಚುತ್ತಾ ಹೋದರೆ, ನಿಜವಾದವರದ್ದು ಬರುವ ಮೊದಲೇ ಒಂದು ಸುಳ್ಳು ಹಲೋ ತಲುಪುತ್ತದೆ, ಸರ್ವರ್ ‘ಇದು ಆಗದು’ ಎಂದು ಆ ಕರೆಯ ಬಾಗಿಲನ್ನೇ ಮುಚ್ಚುತ್ತದೆ. ಪರದೆಯಲ್ಲಿ ಎಲ್ಲರ ಹೆಸರೂ ಇರುತ್ತದೆ, ಧ್ವನಿ ಮಾತ್ರ ಇರುವುದಿಲ್ಲ. ಸಿಪಿಯು ಏರುವುದಿಲ್ಲ, ಲೈನ್ ತುಂಬುವುದಿಲ್ಲ. ಸಭೆಯಲ್ಲಿ ಕೂತವರು ‘ನಿಮ್ಮ ಮೈಕ್ ಆಫ್ ಇದೆ ನೋಡಿ’ ಎಂದುಕೊಂಡು ಕಾಲು ಗಂಟೆ ಕಳೆಯುತ್ತಾರೆ. ಪರಿಹಾರ ಸರಳ: ವಿಳಾಸ ತಪಾಸಣೆಯಲ್ಲಿ ಪಾಸಾಗದ ಕಡೆಯಿಂದ ಬಂದ ಹಲೋವನ್ನು ಓದದೆ ಎಸೆಯುವುದು. ಫ್ರೀಸ್ವಿಚ್‌ನ ಹಳೆಯ ಆವೃತ್ತಿಗಳಿಗೆ ಸಿಪ್ (ಕರೆ ಜೋಡಿಸುವ) ಸಂದೇಶಗಳನ್ನು ಸುರಿದರೆ ಮೆಮೊರಿ ಮುಗಿದು ಬೀಳುವ ಕಾಯಿಲೆಯೂ ಇತ್ತು, ಅದು 1.10.7ರಲ್ಲಿ ಹೋಯಿತು.

ಎಲ್ಲರೂ ಮರೆಯುವ ಭಾಗ ಟರ್ನ್ ಸರ್ವರ್. ಕಚೇರಿಯ ಫೈರ್‌ವಾಲ್ ಯುಡಿಪಿ ಬಿಡದಿದ್ದಾಗ ಚಿತ್ರ, ಧ್ವನಿಯನ್ನು ಹೊತ್ತು ದಾಟಿಸುವುದು ಅದರ ಕೆಲಸ. ಸಾಮಾನ್ಯವಾಗಿ ಕೋಟರ್ನ್ ಎಂಬ ತಂತ್ರಾಂಶ. ಹೊರಗಿನವರ ಪರವಾಗಿ ಪ್ಯಾಕೆಟ್ ಕಳಿಸುವುದೇ ಅದರ ಕಸುಬಾದ್ದರಿಂದ ಎಲ್ಲಿಗೆ ಕಳಿಸಬಾರದು ಎಂದು ನಾವೇ ಹೇಳಿಕೊಡಬೇಕು. ತನ್ನದೇ ಒಳ ವಿಳಾಸ 127.0.0.1ಕ್ಕೆ ಕಳಿಸುವುದನ್ನು ಕೋಟರ್ನ್ ಮೂಲ ಸಂರಚನೆಯಲ್ಲೇ ತಡೆಯುತ್ತಿತ್ತು, ಆದರೆ 0.0.0.0 ಎಂದು ಕೇಳಿದರೆ ಸುಮ್ಮನೆ ಬಿಡುತ್ತಿತ್ತು. ಲಿನಕ್ಸ್‌ನಲ್ಲಿ ಅದೂ ತನ್ನ ಮನೆಗೇ ಹೋಗುವ ದಾರಿ. 2021ರ ಜನವರಿಯ 4.5.2ರಲ್ಲಿ ಸರಿಯಾಯಿತು. ಆವೃತ್ತಿ ಹೊಸದಿದ್ದರೂ ‘ಡಿನೈಡ್-ಪೀರ್-ಐಪಿ’ ಸಾಲುಗಳಲ್ಲಿ 10.0.0.0-10.255.255.255, 172.16.0.0-172.31.255.255, 192.168.0.0-192.168.255.255 ಮತ್ತು 127.0.0.0-127.255.255.255 ಬರೆದಿರಬೇಕು. ಬರೆಯದಿದ್ದರೆ ಮೀಟಿಂಗಿಗೆ ಬಂದ ಅತಿಥಿಯೊಬ್ಬ ಕಚೇರಿಯ ಒಳ ಜಾಲದ ಪ್ರಿಂಟರಿನಿಂದ ಹಿಡಿದು ಡೇಟಾಬೇಸ್‌ವರೆಗೆ ಎಲ್ಲದಕ್ಕೂ ಪ್ಯಾಕೆಟ್ ಕಳಿಸಬಲ್ಲ. ಒಬ್ಬ ಬಳಕೆದಾರನಿಗೆ ಹತ್ತು ಹನ್ನೆರಡಕ್ಕಿಂತ ಹೆಚ್ಚು ರಿಲೇ ಕೊಡಬೇಡಿ (‘ಯೂಸರ್-ಕೋಟಾ’). ಶಾಶ್ವತ ಪಾಸ್‌ವರ್ಡ್ ಬದಲು ಕೆಲವು ಗಂಟೆಗಳಲ್ಲಿ ಮುಗಿಯುವ ತಾತ್ಕಾಲಿಕ ಗುರುತು ಕೊಡಿ. ವೇಗದ ಮಿತಿ ಹಾಕುವ ‘ಮ್ಯಾಕ್ಸ್-ಬಿಪಿಎಸ್’ನಲ್ಲಿ ಎಡವುವ ಜಾಗ ಒಂದಿದೆ: ಹೆಸರು ನೋಡಿ ಬಿಟ್ ಎಂದುಕೊಳ್ಳುತ್ತಾರೆ, ಅದು ಲೆಕ್ಕ ಹಾಕುವುದು ಬೈಟ್‌ನಲ್ಲಿ. ಎಂಟು ಪಟ್ಟು ಸಡಿಲ ಬಿಟ್ಟು ಬಿಗಿ ಮಾಡಿದೆವು ಎಂದುಕೊಂಡಿರುತ್ತಾರೆ.

ಒಳಗೆ ಬಂದವರಿಂದ ಆಗುವ ತೊಂದರೆ ಬೇರೆ. 2023ರ ಡಿಸೆಂಬರ್‌ನಲ್ಲಿ ಕಿಡಿಗೇಡಿಗಳು ಅಶ್ಲೀಲ ದೃಶ್ಯ ತೂರಿಸಿದ್ದಕ್ಕೆ ಕರ್ನಾಟಕ ಹೈಕೋರ್ಟ್ ನೇರಪ್ರಸಾರ ಮತ್ತು ವಿಡಿಯೋ ಕಾನ್ಫರೆನ್ಸ್ ಎರಡನ್ನೂ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ನಮ್ಮ ಜಿಲ್ಲೆ ಧಾರವಾಡ ಪೀಠದ ವ್ಯಾಪ್ತಿಯದು; ಘಟ್ಟ ಹತ್ತದೆ ಮನೆಯಿಂದಲೇ ಕಲಾಪ ನೋಡುವ ಸೌಲಭ್ಯ ಎಲ್ಲರಿಗೂ ತಪ್ಪಿತು. ಸರ್ವರ್ ಬೀಳಲಿಲ್ಲ, ಸೇವೆ ಮಾತ್ರ ನಿಂತಿತು. ಹಾಗಾಗಿ ಯಾರು ಬೇಕಾದರೂ ಕೊಠಡಿ ತೆರೆಯುವ ವ್ಯವಸ್ಥೆ ಬೇಡ. ಜಿಟ್ಸಿಯಲ್ಲಿ ಕೊಠಡಿ ತೆರೆಯುವವರಿಗೆ ಲಾಗಿನ್, ಅತಿಥಿಗಳಿಗೆ ಲಾಬಿ (ಒಳಬಿಡುವವರೆಗೆ ಕಾಯುವ ಜಾಗ), ಕೊಠಡಿಗೆ ಗರಿಷ್ಠ ಸಂಖ್ಯೆಯ ಮಿತಿ, ಮೂರೂ ಇರಲಿ. ಬಿಗ್‌ಬ್ಲೂಬಟನ್‌ನಲ್ಲಿ ಎಪಿಐ (ಬೇರೆ ತಂತ್ರಾಂಶಗಳು ಸರ್ವರಿಗೆ ಆಜ್ಞೆ ಕೊಡುವ ದಾರಿ) ಗುಟ್ಟಿನ ಕೀಲಿ ಹೊರಬಿದ್ದರೆ ಯಾರಾದರೂ ಸಾವಿರ ಮೀಟಿಂಗ್ ಹುಟ್ಟಿಸಬಹುದು. ಸಿಬ್ಬಂದಿ ಬದಲಾದಾಗ ಕೀಲಿಯೂ ಬದಲಾಗಲಿ.

ಸ್ಲೈಡ್ ಏರಿಸುವ ಸೌಲಭ್ಯವೂ ಒಂದು ಬಾಗಿಲೇ. ಒಬ್ಬರು ಫೈಲ್ ಏರಿಸಿದಾಗ ಸರ್ವರ್ ಅದನ್ನು ಪುಟಪುಟವಾಗಿ ಚಿತ್ರ ಮಾಡಬೇಕು. ಬಿಗ್‌ಬ್ಲೂಬಟನ್‌ನ ಮೂಲ ಮಿತಿ 30 ಎಂಬಿ, 200 ಪುಟ. ಇದನ್ನು ‘ಸಾಹೇಬರ ಫೈಲ್ ಏರುತ್ತಿಲ್ಲ’ ಎಂಬ ಒಂದು ಫೋನಿಗೆ ಬೆದರಿ 500 ಎಂಬಿಗೆ ಏರಿಸುವುದು ನಮ್ಮಲ್ಲಿ ರೂಢಿ. ಸರ್ವೆ ನಕ್ಷೆಯಂಥ ಸಾವಿರಾರು ಗೆರೆಯ ಪಿಡಿಎಫ್ ಇದ್ದರೆ 5 ಎಂಬಿಯದ್ದೇ ಸಿಪಿಯುವನ್ನು ನಿಮಿಷಗಟ್ಟಲೆ ಹಿಡಿದಿಡುತ್ತದೆ. ಮಿತಿ ಏರಿಸಬೇಡಿ, ನಕ್ಷೆಯನ್ನು ಮೊದಲೇ ಚಿತ್ರವಾಗಿ ಉಳಿಸಿ ಏರಿಸಲಿ.

ಇನ್ನು ದಾಳಿಯೇ ಇಲ್ಲದೆ ಆಗುವ ಸ್ಥಗಿತದ ಲೆಕ್ಕ ನೋಡಿ. 30 ಜನ, ಎಲ್ಲರ ಕ್ಯಾಮೆರಾ ಚಾಲೂ. ಪ್ರತಿಯೊಬ್ಬರೂ ಮಿಕ್ಕ 29 ಜನರನ್ನು ತಲಾ 500 ಕೆಬಿಪಿಎಸ್‌ನಲ್ಲಿ ನೋಡಿದರೆ ಒಬ್ಬರಿಗೆ 14.5 ಎಂಬಿಪಿಎಸ್, ಸರ್ವರಿನಿಂದ ಹೊರಹೋಗುವುದು ಒಟ್ಟು 435 ಎಂಬಿಪಿಎಸ್. ಒಳಬರುವುದೂ ಕಡಿಮೆಯಲ್ಲ: ಪ್ರತಿ ಬ್ರೌಸರ್ ಒಂದೇ ಚಿತ್ರವನ್ನು 720, 360, 180 ಹೀಗೆ ಮೂರು ಗಾತ್ರದಲ್ಲಿ ಕಳಿಸುತ್ತದೆ, ಸುಮಾರು 2.5, 0.5 ಮತ್ತು 0.2 ಎಂಬಿಪಿಎಸ್ ಎಂದು ಹಿಡಿದರೆ 30 ಜನರಿಂದ 96 ಎಂಬಿಪಿಎಸ್. ಅಂದರೆ 100 ಎಂಬಿಪಿಎಸ್ ಲೈನಿನ ಕಚೇರಿಯಲ್ಲಿ ಯಾರೂ ದಾಳಿ ಮಾಡಬೇಕಿಲ್ಲ, ಸಭೆ ಕರೆದರೆ ಸಾಕು. ಜಿಟ್ಸಿಯ ‘ಚಾನೆಲ್-ಲಾಸ್ಟ್-ಎನ್’ ಮೌಲ್ಯವನ್ನು 4 ಮಾಡಿದರೆ ಇತ್ತೀಚೆಗೆ ಮಾತಾಡಿದ ನಾಲ್ವರು ಮಾತ್ರ ಕಾಣುತ್ತಾರೆ, ಹೊರಹೋಗುವುದು 60 ಎಂಬಿಪಿಎಸ್‌ಗೆ ಇಳಿಯುತ್ತದೆ. ಗರಿಷ್ಠ ಗಾತ್ರವನ್ನು 360ಕ್ಕೆ ಇಳಿಸಿದರೆ ಒಳಬರುವುದೂ 21 ಎಂಬಿಪಿಎಸ್. ಬಿಗ್‌ಬ್ಲೂಬಟನ್‌ನಲ್ಲಿ ಇದೇ ಕೆಲಸಕ್ಕೆ ‘ಮೀಟಿಂಗ್-ಕ್ಯಾಮೆರಾ-ಕ್ಯಾಪ್’ ಇದೆ, ಮೂಲದಲ್ಲಿ ಅದು 0, ಅಂದರೆ ಮಿತಿಯೇ ಇಲ್ಲ. ಧ್ವನಿಗೆ ಒಬ್ಬರಿಗೆ 40 ಕೆಬಿಪಿಎಸ್ ಸಾಕು. ಸಭೆ ನಡೆಯುವುದು ಧ್ವನಿಯಿಂದ, ಮುಖದಿಂದಲ್ಲ.

ಬಾಗಿಲುಗಳ ವಿಚಾರ. ಜಿಟ್ಸಿಗೆ ಹೊರಗಿನಿಂದ ತೆರೆದಿರಬೇಕಾದದ್ದು ಟಿಸಿಪಿ 80, 443, ಯುಡಿಪಿ 10000, ಟರ್ನ್ ಇದ್ದರೆ ಯುಡಿಪಿ 3478 ಮತ್ತು ಟಿಸಿಪಿ 5349. ವಿಡಿಯೋಬ್ರಿಜ್‌ನ ಒಳಗಿನ 8080, ಪ್ರಾಸಡಿಯ 5222, 5280, 5347 ಹೊರಗಿನವರಿಗೆ ಕಾಣಲೇಬಾರದು (ಬ್ರಿಜ್ ಬೇರೆ ಯಂತ್ರದಲ್ಲಿದ್ದರೆ ಅದರ ವಿಳಾಸಕ್ಕೆ ಮಾತ್ರ 5222 ಬಿಡಿ). ದೂರದಿಂದ ಸರ್ವರ್ ನಿರ್ವಹಿಸುವ ಎಸ್‌ಎಸ್‌ಎಚ್ ದಾರಿ ಕಚೇರಿಯ ವಿಳಾಸಕ್ಕೆ ಮಾತ್ರ. ಇದನ್ನು ಸರ್ವರಿನ ಒಳಗಿಂದ ನೋಡಿ ಪ್ರಮಾಣಪತ್ರ ಬರೆಯಬೇಡಿ; ಮೊಬೈಲ್ ಇಂಟರ್ನೆಟ್‌ಗೆ ಸೇರಿದ ಲ್ಯಾಪ್‌ಟಾಪಿನಿಂದ, ತೆರೆದ ಪೋರ್ಟು ಹುಡುಕುವ ಎನ್‌ಮ್ಯಾಪ್ ಓಡಿಸಿ ನೋಡಿ. ಡಾಕರ್‌ನಲ್ಲಿ (ತಂತ್ರಾಂಶವನ್ನು ಪೆಟ್ಟಿಗೆಯಂತೆ ಕಟ್ಟಿ ಓಡಿಸುವ ಸಲಕರಣೆ) ಹಾಕಿದವರು ಎರಡು ಸಲ ನೋಡಿ, ಏಕೆಂದರೆ ಡಾಕರ್ ತಾನು ಪ್ರಕಟಿಸುವ ಪೋರ್ಟುಗಳಿಗೆ ನೇರವಾಗಿ ಐಪಿಟೇಬಲ್ಸ್ ಎಂಬ ಲಿನಕ್ಸ್ ಫೈರ್‌ವಾಲಿನ ನಿಯಮ ಬರೆಯುತ್ತದೆ, ಫೈರ್‌ವಾಲ್ ನೋಡಿಕೊಳ್ಳುವ ಯುಎಫ್‌ಡಬ್ಲ್ಯೂ ಮುಚ್ಚಿದೆ ಎಂದು ತೋರಿಸುತ್ತಿದ್ದರೂ ಬಾಗಿಲು ತೆರೆದಿರುತ್ತದೆ.

ಒಂದು ವಿಳಾಸದಿಂದ ಸೆಕೆಂಡಿಗೆ ಇಷ್ಟೇ ಕೋರಿಕೆ ಎಂದು ಎನ್‌ಜಿನ್‌ಎಕ್ಸ್‌ನಲ್ಲಿ ಮಿತಿ ಹಾಕುವುದು ಒಳ್ಳೆಯದೇ, ಆದರೆ ನಮ್ಮ ಜಿಲ್ಲೆಯಲ್ಲಿ ಎಚ್ಚರದಿಂದ ಹಾಕಬೇಕು. ಮೊಬೈಲ್ ಕಂಪನಿಗಳು ಒಂದೇ ಐಪಿವಿ4 (ಹಳೆಯ ಬಗೆಯ ಇಂಟರ್ನೆಟ್) ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚಿ ಕೊಡುತ್ತವೆ. ಜೋಯಿಡಾದ ಹತ್ತು ಪಂಚಾಯಿತಿಯ ಪಿಡಿಒಗಳು ಒಂದೇ ಟವರಿನ ಡೇಟಾದಿಂದ ಸೇರಿದರೆ ಸರ್ವರಿಗೆ ಅವರೆಲ್ಲ ಒಬ್ಬನೇ ವ್ಯಕ್ತಿಯಂತೆ ಕಾಣಬಹುದು. ಬಿಗಿಯಾದ ಮಿತಿ ಇದ್ದರೆ ಸಭೆಯ ಮೊದಲ ನಿಮಿಷದಲ್ಲೇ ಅವರಿಗೆ ಬಾಗಿಲು ಮುಚ್ಚುತ್ತದೆ. ಐಪಿವಿ6ನಲ್ಲಿ ತದ್ವಿರುದ್ಧ: ಒಬ್ಬನ ಬಳಿಯೇ ಎಣಿಸಲಾಗದಷ್ಟು ವಿಳಾಸಗಳಿರುತ್ತವೆ, ಆದ್ದರಿಂದ ಬಿಡಿ ವಿಳಾಸವನ್ನಲ್ಲ, /64 ಗುಂಪನ್ನು (ಮೊದಲ 64 ಬಿಟ್ ಒಂದೇ ಇರುವ ವಿಳಾಸಗಳು) ಎಣಿಸಬೇಕು. ಲಾಗಿನ್ ಆಗದವರಿಗೆ ಬಿಗಿ, ಆದವರಿಗೆ ಸಡಿಲ ಎಂಬ ಎರಡು ಮಿತಿ ಇಡುವುದು ವಾಸಿ. ಇನ್ನು ಯುಡಿಪಿ ಪ್ಯಾಕೆಟ್ ನೋಡಿ ತಾನಾಗಿ ವಿಳಾಸ ನಿಷೇಧಿಸುವ ಸ್ಕ್ರಿಪ್ಟುಗಳನ್ನು ಖಂಡಿತ ಹಾಕಬೇಡಿ. ಯುಡಿಪಿಯಲ್ಲಿ ಕಳಿಸಿದವರ ವಿಳಾಸವನ್ನು ಸುಳ್ಳು ಬರೆಯಬಹುದು. ದಾಳಿಕೋರ ಜಿಲ್ಲಾಧಿಕಾರಿ ಕಚೇರಿಯ ವಿಳಾಸವನ್ನೇ ಬರೆದು ಕಳಿಸಿದರೆ ನಮ್ಮ ಸ್ಕ್ರಿಪ್ಟ್ ನಮ್ಮನ್ನೇ ಹೊರಹಾಕುತ್ತದೆ.

ಲಿನಕ್ಸ್‌ನ ಯುಡಿಪಿ ಸ್ವೀಕಾರ ಬಫರ್ ಮೂಲದಲ್ಲಿ ಚಿಕ್ಕದು. ಜಿಟ್ಸಿಯವರೇ ಹೇಳುವಂತೆ ‘ಆರ್‌ಮೆಮ್-ಮ್ಯಾಕ್ಸ್’ ಅನ್ನು 10485760ಕ್ಕೂ, ತೆರೆದ ಫೈಲ್ ಮತ್ತು ಪ್ರಕ್ರಿಯೆಗಳ ಮಿತಿಯನ್ನು 65000ಕ್ಕೂ ಏರಿಸಿ. ನೂರು ಜನ ದಾಟುವ ಕಡೆ ಇದಿಲ್ಲದಿದ್ದರೆ ಚಿತ್ರ ಒಡೆಯುತ್ತದೆ, ಎಲ್ಲರೂ ನೆಟ್‌ವರ್ಕ್ ಬೈಯುತ್ತಾರೆ.

ಪರೀಕ್ಷೆ ಮೇ ತಿಂಗಳಲ್ಲಿ ಆಗಲಿ, ಜಡಿಮಳೆ ಹಿಡಿದ ಮೇಲಲ್ಲ. ಜಿಟ್ಸಿಗೆ ‘ಟಾರ್ಚರ್’ ಎಂಬ ಹೆಸರಿನದ್ದೇ ಪರೀಕ್ಷಾ ಸಲಕರಣೆ ಇದೆ, ನಕಲಿ ಬ್ರೌಸರ್‌ಗಳನ್ನು ಸೇರಿಸಿ ಹೊರೆ ಹಾಕುತ್ತದೆ. ಸಭೆಗೆ ಬರುವ ಗರಿಷ್ಠ ಸಂಖ್ಯೆಯ ಒಂದೂವರೆ ಪಟ್ಟು ಹಾಕಿ ಅರ್ಧ ಗಂಟೆ ಬಿಡಿ. ವಿಡಿಯೋಬ್ರಿಜ್ ತನ್ನ ಅಂಕಿಅಂಶಗಳಲ್ಲಿ ‘ಸ್ಟ್ರೆಸ್-ಲೆವೆಲ್’ ಎಂಬ ಸಂಖ್ಯೆ ಕೊಡುತ್ತದೆ. 1ರ ಹತ್ತಿರ ಹೋಯಿತೆಂದರೆ ಇನ್ನೊಂದು ಬ್ರಿಜ್ ಬೇಕು. ಪರೀಕ್ಷೆ ನಮ್ಮದೇ ಸರ್ವರಿನ ಮೇಲೆ, ಲಿಖಿತ ಅನುಮತಿ ಇದ್ದು, ಕಚೇರಿ ವೇಳೆಯ ಹೊರಗೆ, ರಾಜ್ಯದ ಸರ್ಕಾರಿ ಕಚೇರಿಗಳನ್ನು ಜೋಡಿಸುವ ಕೆಸ್ವಾನ್ ಜಾಲಕ್ಕೆ ಹೊರೆಯಾಗದಂತೆ ನಡೆಯಬೇಕು.

ಸರ್ವರ್ ಎಷ್ಟೇ ಗಟ್ಟಿಯಿರಲಿ, ಎರಡು ಕಂಪನಿಯ ಲೈನ್ ತಗೊಂಡು ಎರಡೂ ಫೈಬರ್ ಹೆದ್ದಾರಿ 66ರ ಒಂದೇ ಬದಿಯಲ್ಲಿ ಹೋಗಿದ್ದರೆ ಒಂದು ಗುಡ್ಡ ಎರಡನ್ನೂ ಕತ್ತರಿಸುತ್ತದೆ. ಎರಡನೆಯದು ಯಾವ ಘಟ್ಟದ ಮೇಲಿಂದ ಬರುತ್ತದೆ ಎಂದು ನಕ್ಷೆಯ ಸಮೇತ ಬರೆಸಿಕೊಳ್ಳಿ. ಸರ್ವರ್ ಬಿದ್ದ ದಿನಕ್ಕೆ ಬೇರೆ ಜಾಲದ ಮೇಲಿನ ಒಂದು ಫೋನ್ ಕಾನ್ಫರೆನ್ಸ್ ನಂಬರು ಇರಲಿ, ಅದು ಎಲ್ಲ ತಹಶೀಲ್ದಾರರ ಮೇಜಿನ ಮೇಲೆ ಕಾಗದದಲ್ಲಿ ಇರಲಿ. ಮೀಟಿಂಗ್ ಲಿಂಕ್ ಕೆಲಸ ಮಾಡದಾಗ ನಂಬರನ್ನು ಅದೇ ಲಿಂಕಿನ ಪುಟದಲ್ಲಿ ಹಾಕಿದರೆ ಪ್ರಯೋಜನವಿಲ್ಲ.

ಬಿದ್ದಾಗ ಮೊದಲ ಕೈ ರೀಸ್ಟಾರ್ಟ್ ಮೇಲೆ ಹೋಗುತ್ತದೆ. ಸಭೆ ನಡೆಯುತ್ತಿದ್ದರೆ ಅದು ಸಹಜ, ಆದರೆ ಎರಡು ನಿಮಿಷ ಕೊಡಿ: ಕರ್ನಲ್ ಲಾಗ್, ಪ್ರತಿ ಸೇವೆಯ ಲಾಗ್, ತೆರೆದ ಸಂಪರ್ಕಗಳ ಪಟ್ಟಿ, ಒಂದು ನಿಮಿಷದ ಟಿಸಿಪಿಡಂಪ್ (ಬಂದುಹೋದ ಪ್ಯಾಕೆಟ್‌ಗಳ ದಾಖಲೆ) ಇಷ್ಟನ್ನು ಬೇರೆ ಡಿಸ್ಕಿಗೆ ತೆಗೆದಿಡಿ. ಇಲ್ಲದಿದ್ದರೆ ನಾಳೆ ಅದೇ ಪ್ಯಾಕೆಟ್ ಬಂದಾಗ ನಮಗೆ ಗೊತ್ತಿರುವುದು ಇಂದಿನಷ್ಟೇ. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಇಂಥ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಡಬೇಕು, ಗಡಿಯಾರವನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ಎನ್‌ಪಿಎಲ್ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಸಮಯಕ್ಕೆ ಹೊಂದಿಸಿರಬೇಕು. ಇದು ಸರ್ಕಾರಿ ಸಂಸ್ಥೆಗಳಿಗೂ ಅನ್ವಯ. ಜಿಟ್ಸಿಯ ಲಾಗ್ ಮೂಲದಲ್ಲಿ ಅಷ್ಟು ದಿನ ಉಳಿಯುವುದಿಲ್ಲ, ಹಳೆಯ ಲಾಗ್ ಅಳಿಸುವ ಲಾಗ್‌ರೊಟೇಟ್‌ನ ಮಿತಿ ಬದಲಿಸಬೇಕು.

ಇನ್ನೊಂದು ವಿಷಯ ತಾಂತ್ರಿಕವಲ್ಲ. ಇಂಥ ದೋಷವನ್ನು ಮೊದಲು ಕಾಣುವವರು ಬಹಳ ಸಲ ಕಾಲೇಜಿನ ಹುಡುಗ ಹುಡುಗಿಯರು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳು ಸೇವೆಗೆ ಅಡ್ಡಿ ಮಾಡಿದವರಿಗೆ ಮೂರು ವರ್ಷದವರೆಗೆ ಸಜೆ ಹೇಳುತ್ತವೆ, ಅದು ಇರಬೇಕಾದದ್ದೇ. ಆದರೆ ಆವೃತ್ತಿ ಹಳೆಯದು ಎಂದು ಗಮನಿಸಿ ತಿಳಿಸಲು ಬಂದವರಿಗೆ ನೋಟಿಸ್ ಕೊಟ್ಟರೆ ಮುಂದಿನವರು ಬಾಯಿ ಬಿಡುವುದಿಲ್ಲ. ಪ್ರತಿ ಸರ್ವರಿನ ಜಾಲತಾಣದಲ್ಲಿ ‘ಸೆಕ್ಯುರಿಟಿ ಟಿಎಕ್ಸ್‌ಟಿ’ ಕಡತ ಇಟ್ಟು ಯಾರಿಗೆ ತಿಳಿಸಬೇಕೆಂದು ಬರೆಯಿರಿ. ಅದರ ನಮೂನೆ ಆರ್‌ಎಫ್‌ಸಿ 9116 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯಲ್ಲಿದೆ, ಹತ್ತು ನಿಮಿಷದ ಕೆಲಸ. ಸರ್ವರ್ ಬೀಳಿಸದೆ, ಮಾಹಿತಿ ತೆಗೆಯದೆ ವರದಿ ಮಾಡಿದವರ ಮೇಲೆ ಕ್ರಮವಿಲ್ಲ ಎಂಬ ಒಂದು ಸುತ್ತೋಲೆ ನಿಮ್ಮ ಕಚೇರಿಯಿಂದ ಹೊರಡಲಿ.

ನಿರ್ವಹಣಾ ಗುತ್ತಿಗೆಗಳಲ್ಲಿ ಸಾಮಾನ್ಯವಾಗಿ ‘99 ಶೇಕಡ ಲಭ್ಯತೆ’ ಎಂದು ಬರೆದಿರುತ್ತದೆ. ವರ್ಷಕ್ಕೆ 1 ಶೇಕಡ ಎಂದರೆ 87 ಗಂಟೆಗೂ ಹೆಚ್ಚು; ಅಷ್ಟೂ ಗಂಟೆ ಜುಲೈಯಲ್ಲೇ ಹೋದರೂ ಗುತ್ತಿಗೆದಾರ ಷರತ್ತು ಮುರಿದಂತಾಗುವುದಿಲ್ಲ. ಅದರ ಬದಲು ಹೀಗೆ ಬರೆಯಿರಿ: ಸ್ಥಗಿತಗೊಳಿಸಬಲ್ಲ ದೋಷ ಪ್ರಕಟವಾದ ಏಳು ದಿನದೊಳಗೆ ಪರಿಹಾರದ ಆವೃತ್ತಿ, ಲಾಗಿನ್ ಬೇಡದ ದೋಷವಾದರೆ 48 ಗಂಟೆ, ಪ್ರತಿ ತಿಂಗಳು ಹೊರಗಿನಿಂದ ನೋಡಿದ ಪೋರ್ಟುಗಳ ಪಟ್ಟಿ, ಓಡುತ್ತಿರುವ ಪ್ರತಿ ಭಾಗದ ಆವೃತ್ತಿ ಸಂಖ್ಯೆ, ಮೇ ತಿಂಗಳ ಹೊರೆ ಪರೀಕ್ಷೆಯ ವರದಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಸ್ಥಗಿತಕ್ಕೆ ದಂಡ ಬೇರೆ ಲೆಕ್ಕದಲ್ಲಿರಲಿ.

ಮುಂದಿನ ವಿಪತ್ತು ನಿರ್ವಹಣಾ ಪೂರ್ವಭಾವಿ ಸಭೆಯ ಕಾರ್ಯಸೂಚಿಯಲ್ಲಿ ಇದಕ್ಕೊಂದು ಸಾಲು ಕೊಡಬೇಕೆಂದು ಕೋರುತ್ತೇವೆ. ಆ ಸಭೆಗೆ ಪ್ರತಿ ಕಚೇರಿಯೂ ತರಬೇಕಾದದ್ದು ಒಂದೇ ಹಾಳೆ: ಸರ್ವರ್ ಎಲ್ಲಿದೆ, ಯಾವ ಆವೃತ್ತಿ, ಕೊನೆಯ ಅಪ್‌ಡೇಟ್ ಯಾವಾಗ, ರಾತ್ರಿ ಎರಡು ಗಂಟೆಗೆ ಬಿದ್ದರೆ ಫೋನ್ ಎತ್ತುವವರು ಯಾರು. ನಾಲ್ಕರಲ್ಲಿ ಯಾವುದಾದರೂ ಖಾಲಿ ಇದ್ದರೆ ಆ ಸರ್ವರನ್ನು ತುಂಬುವವರೆಗೆ ಇಂಟರ್ನೆಟ್‌ನಿಂದ ತೆಗೆದಿಡಿ.

ಇಂತಿ,
ಜಿಲ್ಲೆಯಲ್ಲಿ ಸರ್ವರ್ ಮತ್ತು ಜಾಲ ನಿರ್ವಹಣೆ ಮಾಡುವವರು
ಕಾರವಾರ, ಕುಮಟಾ, ಶಿರಸಿ